ಬೆಂಗಳೂರು ಹೆಸರಿನ ಡೆಸ್ಕ್‌ಟಾಪ್, ತಾಲ್ಲೂಕು ಕಚೇರಿ ಎದುರಿನ ಅಂಗಡಿ

(ಲಿನಕ್ಸ್ ಬಳಕೆದಾರರ ಒಂದು ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳು. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ. ಒಂದೆರಡು ಕಡೆ ಅಂದು ಸಮಯ ಸಾಲದೆ ಬಿಟ್ಟದ್ದನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಪ್ರೋಗ್ರಾಮರ್ ಅಲ್ಲ. ನಮ್ಮೂರಿನ ತಾಲ್ಲೂಕು ಕಚೇರಿಯ ಎದುರು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ನಡೆಸುವವಳು. ಅರ್ಜಿ ಟೈಪಿಸುವುದು, ಫೋಟೋ ಕತ್ತರಿಸುವುದು, ಆನ್‌ಲೈನ್ ಫಾರಂ ತುಂಬುವುದು, ಮದುವೆ ಕಾಲದಲ್ಲಿ ಲಗ್ನಪತ್ರಿಕೆ. ಅಂಗಡಿಯಲ್ಲಿ ಒಂದು ಡೆಸ್ಕ್‌ಟಾಪ್, ಎರಡು ಲ್ಯಾಪ್‌ಟಾಪ್. ಮೂರರಲ್ಲೂ ವಿಂಡೋಸ್ ಇಲ್ಲ, ಡೆಬಿಯನ್ ಎಂಬ ಲಿನಕ್ಸ್. ನನ್ನ ಜೊತೆ ಕೆಲಸಕ್ಕೆ ಒಬ್ಬ ಹುಡುಗ ಇದ್ದಾನೆ. ಇವತ್ತಿನ ಮಾತಿನಲ್ಲಿ ಅರ್ಧ ಅವನದೇ.

2025ರ ಆಗಸ್ಟ್ 9ರಂದು ಡೆಬಿಯನ್ 13 ಬಂತು. ಕೆಲವು ವಾರ ಕಾದು, ಒಂದು ಭಾನುವಾರ ಬಾಗಿಲು ಹಾಕಿಕೊಂಡು ಮೂರೂ ಯಂತ್ರಗಳಿಗೆ ಹಾಕಿದೆ. ಸೋಮವಾರ ಬೆಳಿಗ್ಗೆ ಹುಡುಗ ಬಂದು ಕುಳಿತ, ಹತ್ತು ನಿಮಿಷ ಅಲ್ಲಿ ಇಲ್ಲಿ ಒತ್ತಿ ನೋಡಿದ. "ಏನು ಬದಲಾಗಿದೆ ಅಕ್ಕಾ? ಎಲ್ಲ ಹಾಗೆಯೇ ಇದೆಯಲ್ಲ" ಎಂದ. ನನಗೆ ಸ್ವಲ್ಪ ನಿರಾಸೆಯಾಯಿತು, ಒಂದು ಭಾನುವಾರ ಕೊಟ್ಟಿದ್ದೆನಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಅವನೇ ಮತ್ತೆ ಬಂದ. "ಹಳೆಯ ಲ್ಯಾಪ್‌ಟಾಪಿಗೆ ರ‍್ಯಾಮ್ ಹಾಕಿಸಿದಿರಾ?" ಎಂದು ಕೇಳಿದ. ಹಾಕಿಸಿರಲಿಲ್ಲ.

ಅವನಿಗೆ ಹಾಗೆ ಅನಿಸಿದ್ದೇಕೆ ಎಂದು ಹುಡುಕಲು ಹೊರಟಿದ್ದೇ ಇವತ್ತಿನ ಈ ಮಾತಿಗೆ ಮೂಲ. ಡೆಸ್ಕ್‌ಟಾಪ್ ಚೆಂದವಾಗಿದೆಯೇ ಎಂದು ಕಣ್ಣನ್ನು ಕೇಳುತ್ತೇವೆ. ನಾನು ಕೈಯನ್ನು ಕೇಳುವವಳು. ಗಿರಾಕಿ ಎದುರು ನಿಂತಿರುವಾಗ ಕೈ ಎಲ್ಲಿ ಎಡವುತ್ತದೆ, ಎಡವುತ್ತಿದ್ದ ಜಾಗದಲ್ಲಿ ಈಗ ಎಡವುತ್ತದೆಯೇ, ಅಷ್ಟೇ ನನ್ನ ಲೆಕ್ಕ.

ಪರದೆಯ ಮೇಲೆ ನಾವು ನೋಡುವ, ಒತ್ತುವ ಡೆಸ್ಕ್‌ಟಾಪ್ ಕೊಡುವ ತಂತ್ರಾಂಶದ ಹೆಸರು ಗ್ನೋಮ್. ಡೆಬಿಯನ್ 12ರಲ್ಲಿ ಇದ್ದದ್ದು ಗ್ನೋಮ್ 43. 13ರಲ್ಲಿ ಇರುವುದು ಗ್ನೋಮ್ 48. ಗ್ನೋಮ್ ವರ್ಷಕ್ಕೆ ಎರಡು ಬಾರಿ, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಬಿಡುಗಡೆಯಾಗುತ್ತದೆ. ಆದ್ದರಿಂದ ನಾನು ಒಂದೇ ಭಾನುವಾರದಲ್ಲಿ ಐದು ಮೆಟ್ಟಿಲು ಹಾರಿದಂತಾಯಿತು. ಇಲ್ಲಿರುವ ಕೆಲವರಿಗೆ ಇದು ಹಳೆಯ ಸುದ್ದಿ. ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ಬಳಸುವವರು ಆಗಲೇ ಮುಂದಿನದಕ್ಕೆ ಹೋಗಿರುತ್ತೀರಿ. ಆದರೆ ಡೆಬಿಯನ್ ಹಿಡಿದವರಿಗೆ ಹೊಸದು ಎಂದರೆ ಡೆಬಿಯನ್ ಕೊಟ್ಟ ದಿನವೇ ಹೊಸದು, ಹಬ್ಬ ನಮ್ಮ ಮನೆಗೆ ಬಂದ ದಿನವೇ ಹಬ್ಬ.

ಈ 48ಕ್ಕೆ ಒಂದು ಅಡ್ಡಹೆಸರಿದೆ: ಬೆಂಗಳೂರು. ಗ್ನೋಮ್‌ನವರು ತಮ್ಮ ಸಮ್ಮೇಳನ ನಡೆದ ಊರುಗಳ ಹೆಸರನ್ನು ಆವೃತ್ತಿಗಳಿಗೆ ಇಡುತ್ತಾರೆ. 46ಕ್ಕೆ ಕಠ್ಮಂಡು, 47ಕ್ಕೆ ಡೆನ್ವರ್. 2024ರ ಡಿಸೆಂಬರಿನಲ್ಲಿ ಗ್ನೋಮ್ ಏಷ್ಯಾ ಸಮ್ಮೇಳನ ಬೆಂಗಳೂರಿನಲ್ಲಿ ನಡೆಯಿತು, 2025ರ ಮಾರ್ಚ್ 19ರಂದು ಬಂದ 48ಕ್ಕೆ ಆ ಹೆಸರು ಬಂತು. ಇದೇ ಸಮ್ಮೇಳನ 2011ರಲ್ಲೂ ಬೆಂಗಳೂರಿನಲ್ಲಿ ನಡೆದಿತ್ತು. ಅದು ಗ್ನೋಮ್ 3 ಹುಟ್ಟಿದ ವರ್ಷ. ಹೆಸರಿನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಹುಡುಗನ ರ‍್ಯಾಮ್ ಪ್ರಶ್ನೆ. ವಿಂಡೋಸ್ ಗುರುತಿನ ಕೀ ಇದೆಯಲ್ಲ, ಗ್ನೋಮ್‌ನಲ್ಲಿ ಅದಕ್ಕೆ ಸೂಪರ್ ಕೀ ಎನ್ನುತ್ತಾರೆ. ಅದನ್ನು ಒತ್ತಿದರೆ ತೆರೆದಿರುವ ವಿಂಡೋಗಳೆಲ್ಲ ಸಣ್ಣದಾಗಿ ಹರಡಿಕೊಳ್ಳುತ್ತವೆ. ನಾವು ದಿನಕ್ಕೆ ನೂರಾರು ಸಲ ಒತ್ತುವ ಕೀ ಅದು. ಹಳೆಯ ಲ್ಯಾಪ್‌ಟಾಪಿನಲ್ಲಿ ಆ ಹರಡಿಕೊಳ್ಳುವಿಕೆ ಎರಡು ಮೂರು ಕಡೆ ಸಿಕ್ಕಿಕೊಂಡು, ಜಗ್ಗಿ ಜಗ್ಗಿ ಆಗುತ್ತಿತ್ತು. ಈಗ ಜಾರಿದಂತೆ ಆಗುತ್ತದೆ. ಯಂತ್ರ ಅದೇ, ಗ್ರಾಫಿಕ್ಸ್ ಚಿಪ್ ಅದೇ.

ಇದರ ಹಿಂದಿರುವುದು ಟ್ರಿಪಲ್ ಬಫರಿಂಗ್. ದರ್ಶಿನಿಯ ಲೆಕ್ಕದಲ್ಲಿ ಹೇಳುತ್ತೇನೆ: ಗ್ರಾಫಿಕ್ಸ್ ಚಿಪ್ ಅಡುಗೆಭಟ್ಟ, ಮಾನಿಟರ್ ಗಿರಾಕಿ, ಚಿತ್ರ ಬಿಡಿಸಿಡುವ ಜಾಗ, ಅಂದರೆ ಬಫರ್, ತಟ್ಟೆ. ಸಾಮಾನ್ಯ ಮಾನಿಟರ್ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ, ಅಂದರೆ 16.7 ಮಿಲಿಸೆಕೆಂಡಿಗೆ ಒಂದು ಗಂಟೆ ಬಾರಿಸಿದಂತೆ. ಇರುವುದು ಎರಡೇ ತಟ್ಟೆ. ಒಂದು ಗಿರಾಕಿಯ ಮುಂದೆ, ಇನ್ನೊಂದು ಅಡುಗೆಭಟ್ಟನ ಕೈಯಲ್ಲಿ. ಗಂಟೆ ಬಾರಿಸಿದಾಗ ಅದಲು ಬದಲು. ಭಟ್ಟ ದೋಸೆ ಹಾಕಲು 17 ಮಿಲಿಸೆಕೆಂಡ್ ತೆಗೆದುಕೊಂಡ ಎಂದುಕೊಳ್ಳಿ. ಕೂದಲೆಳೆಯಷ್ಟು ತಡ. ಗಂಟೆ ತಪ್ಪಿತು, ಗಿರಾಕಿ ಹಳೆಯ ತಟ್ಟೆಯನ್ನೇ ನೋಡುತ್ತಾ ಕುಳಿತ. ಅಷ್ಟೇ ಆಗಿದ್ದರೆ ಸಹಿಸಬಹುದು. ದೋಸೆ ಮುಗಿದ ಮೇಲೂ ಭಟ್ಟ ಮುಂದಿನ ಗಂಟೆಯವರೆಗೆ ತಟ್ಟೆ ಹಿಡಿದು ಸುಮ್ಮನೆ ನಿಲ್ಲಬೇಕು, ಖಾಲಿ ತಟ್ಟೆ ಇಲ್ಲವಲ್ಲ. ಹೀಗಾಗಿ ಕೂದಲೆಳೆ ತಡಕ್ಕೆ ವೇಗವೇ ಅರ್ಧಕ್ಕೆ ಇಳಿಯುತ್ತದೆ, 60 ಹೋಗಿ 30. ಮೂರನೆಯ ತಟ್ಟೆ ಕೊಟ್ಟರೆ ಭಟ್ಟ ನಿಲ್ಲುವುದಿಲ್ಲ, ಮುಂದಿನ ದೋಸೆ ಹುಯ್ಯುತ್ತಾನೆ.

ಹಾಗಿದ್ದರೆ ಮೊದಲೇ ಮೂರು ತಟ್ಟೆ ಇಡಬಾರದಿತ್ತೇ? ಇಡಬಾರದು. ಭಟ್ಟ ಚುರುಕಾಗಿದ್ದಾಗ ಮೂರನೆಯ ತಟ್ಟೆ ಇದ್ದರೆ ಮಾಡಿದ ದೋಸೆ ಕಟ್ಟೆಯ ಮೇಲೆ ಕಾಯುತ್ತಾ ತಣ್ಣಗಾಗುತ್ತದೆ. ಅಂದರೆ ನೀವು ಮೌಸ್ ಆಡಿಸಿದ್ದು ಪರದೆಗೆ ಬರುವುದು ಒಂದು ಗಂಟೆ ತಡ. ಅದಕ್ಕೇ ಗ್ನೋಮ್ 48ರಲ್ಲಿ ಇದು 'ಡೈನಾಮಿಕ್' ಆಗಿದೆ: ಗ್ರಾಫಿಕ್ಸ್ ಹಿಂದೆ ಬೀಳುತ್ತಿದ್ದರೆ ಮಾತ್ರ ಮೂರನೆಯ ತಟ್ಟೆ ಹೊರಬರುತ್ತದೆ, ಸುಧಾರಿಸಿಕೊಂಡರೆ ಒಳಗೆ ಹೋಗುತ್ತದೆ. ಕ್ಯಾನೊನಿಕಲ್‌ನ (ಉಬುಂಟು ಎಂಬ ಲಿನಕ್ಸ್ ತಯಾರಿಸುವ ಕಂಪನಿ) ಡೇನಿಯಲ್ ವಾನ್ ವುಗ್ಟ್ ಇದರ ಮೇಲೆ ಸುಮಾರು ಐದು ವರ್ಷ ಕೆಲಸ ಮಾಡಿದರು. ಉಬುಂಟು 22.04ರಿಂದಲೇ ತನ್ನ ಮಟ್ಟಿಗೆ ಇದನ್ನು ತೇಪೆಯಾಗಿ ಹಾಕಿಕೊಂಡಿತ್ತು, ಗ್ನೋಮ್‌ನ ಮೂಲಕ್ಕೆ ಸೇರಿದ್ದು 48ರಲ್ಲಿ. ಐದು ವರ್ಷದ ಕೆಲಸ, ಪರದೆಯ ಮೇಲೆ ತೋರಿಸಲು ಒಂದು ಗುಂಡಿಯೂ ಇಲ್ಲ. ಈ ಬಿಡುಗಡೆಯಲ್ಲಿ ನನಗೆ ಅತಿ ದೊಡ್ಡದು ಇದೇ.

ಇನ್ನು ಫೋಟೋ. ನಮ್ಮಲ್ಲಿಗೆ ಬರುವ ಹತ್ತು ಜನರಲ್ಲಿ ಆರು ಜನರಿಗೆ ಫೋಟೋ ಕತ್ತರಿಸುವ ಕೆಲಸ ಇರುತ್ತದೆ. ಮಗ ಮೊಬೈಲಿನಲ್ಲಿ ತೆಗೆದ ಫೋಟೋ, ಹಿಂದೆ ಹಸು, ಪಕ್ಕದಲ್ಲಿ ಮೊಮ್ಮಗಳ ಅರ್ಧ ಮುಖ. ಮಧ್ಯದಲ್ಲಿರುವ ಅಜ್ಜನನ್ನು ಮಾತ್ರ ಉಳಿಸಬೇಕು. ಇದಕ್ಕೆ ಇಷ್ಟು ವರ್ಷ ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶ ತೆರೆಯುತ್ತಿದ್ದೆವು. ಗಿಂಪ್ ದೊಡ್ಡ ಕಾರ್ಖಾನೆ. ಅದು ಬಾಗಿಲು ತೆರೆದು ದೀಪ ಹಾಕುವಷ್ಟರಲ್ಲಿ ಅಜ್ಜ ಎರಡು ಸಲ "ಆಯಿತೇನಮ್ಮ" ಎಂದು ಕೇಳಿರುತ್ತಿದ್ದರು. ಗ್ನೋಮ್ 48ರ ಇಮೇಜ್ ವ್ಯೂವರ್‌ನಲ್ಲಿಯೇ ಕತ್ತರಿಸುವ, ತಿರುಗಿಸುವ, ಮಗುಚುವ ಸೌಲಭ್ಯ ಬಂದಿದೆ. ಫೋಟೋ ತೆರೆದಿದೆ, ಅಲ್ಲೇ ತಿದ್ದುವ ಗುಂಡಿ ಒತ್ತಿ, ಮೂಲೆ ಹಿಡಿದು ಎಳೆದು, ಬೇರೆ ಹೆಸರಿನಲ್ಲಿ ಉಳಿಸುವುದು. ಮೊದಲ ದಿನ ಹುಡುಗನಿಗೆ ಇದನ್ನು ತೋರಿಸಿದಾಗ ಅವನು ಹೊಗಳಲಿಲ್ಲ, "ಇಷ್ಟು ದಿನ ಯಾಕೆ ಇರಲಿಲ್ಲ?" ಎಂದು ಸಿಟ್ಟಾದ. ಸರಿಯಾದ ಸಿಟ್ಟು.

ಆದರೆ ಕತ್ತರಿ ಬಂತು, ತಕ್ಕಡಿ ಬರಲಿಲ್ಲ. ನಮ್ಮ ಸರ್ಕಾರಿ ಫಾರಂಗಳಲ್ಲಿ ಫೋಟೋ ಇಷ್ಟು ಕೆಬಿ ಒಳಗಿರಬೇಕು, ಸಹಿ ಇಷ್ಟು ಕೆಬಿ ಒಳಗಿರಬೇಕು ಎಂಬ ನಿಯಮ ಇರುತ್ತದೆ. ತೂಕ ಇಳಿಸುವ ಉಪಾಯ ಇಮೇಜ್ ವ್ಯೂವರ್‌ನಲ್ಲಿ ಇಲ್ಲ. ಕತ್ತರಿಸುವ ಚೌಕಟ್ಟಿನ ಅಳತೆಗಳಲ್ಲಿ ನಮ್ಮ ಪಾಸ್‌ಪೋರ್ಟ್ ಫೋಟೋದ 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರವೂ ಇಲ್ಲ. ಹಾಗಾಗಿ ಗಿಂಪ್‌ನ ಬಾಗಿಲು ಪೂರ್ತಿ ಮುಚ್ಚಿಲ್ಲ, ಮೊದಲಿಗಿಂತ ಕಡಿಮೆ ತೆರೆಯುತ್ತೇವೆ.

ಫೋಟೋದ ಮಾತು ಬಂದಾಗ 48ರದಲ್ಲದ, ದಾರಿಯಲ್ಲಿ ಸಿಕ್ಕಿದ ಒಂದು ವಿಷಯ ಹೇಳದಿದ್ದರೆ ಮನಸ್ಸು ಒಪ್ಪದು. ಫೈಲ್ ಆರಿಸುವ ವಿಂಡೋದಲ್ಲಿ ಚಿತ್ರಗಳು ಸಣ್ಣ ಚಿತ್ರಗಳಾಗಿಯೇ ಕಾಣಬೇಕು ಎಂಬ ಬೇಡಿಕೆ 2004ರಿಂದ ಇತ್ತು. ಅದು ಈಡೇರಿದ್ದು 2023ರ ಗ್ನೋಮ್ 44ರಲ್ಲಿ. ಹದಿನೆಂಟು ವರ್ಷಕ್ಕೂ ಮೇಲೆ ಲಿನಕ್ಸ್ ಲೋಕದಲ್ಲಿ ಅದೊಂದು ನಗೆಚಾಟಿಕೆಯಾಗಿತ್ತು. ವಾಟ್ಸ್ಆ್ಯಪ್‌ನಿಂದ ಇಳಿಸಿದ ನಲವತ್ತು ಫೋಟೋಗಳಿಗೂ ಒಂದೇ ತರಹದ ಅಂಕಿಗಳ ಹೆಸರು ಇರುವಾಗ, ಯಾವುದು ಯಾರ ಮುಖ ಎಂದು ಹೆಸರು ಓದಿ ಹೇಳುವವರು ಯಾರು? ಕೆಲವು ಆ್ಯಪ್‌ಗಳು ಇನ್ನೂ ಹಳೆಯ ಪಟ್ಟಿಯನ್ನೇ ತೋರಿಸುತ್ತವೆ, ಅಲ್ಲಿ ಆ ಗೋಳು ತಪ್ಪಿಲ್ಲ.

ಪರದೆಯ ಮೇಲೆ ಬರುವ ಸೂಚನೆಗಳ (ನೋಟಿಫಿಕೇಶನ್) ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮೊದಲು ಒಂದೊಂದೂ ಬಿಡಿಯಾಗಿ ಕೆಳಗಿನವರೆಗೆ ಸಾಲು ಹಚ್ಚುತ್ತಿದ್ದವು. 48ರಲ್ಲಿ ಒಂದೇ ಆ್ಯಪ್‌ನಿಂದ ಬಂದವು ಒಂದು ಕಂತೆಯಾಗಿ ಕೂರುತ್ತವೆ, ಒತ್ತಿದರೆ ಬಿಚ್ಚಿಕೊಳ್ಳುತ್ತವೆ. ಹೊಸ ವಿಂಡೋಗಳು ಮೂಲೆಗೆ ಹೋಗಿ ನಿಲ್ಲದೆ ಪರದೆಯ ಮಧ್ಯದಲ್ಲಿ ತೆರೆಯುತ್ತವೆ. ಎಚ್‌ಡಿಆರ್‌ಗೆ (ಹೊಳಪು, ನೆರಳು ಹೆಚ್ಚು ಚೆನ್ನಾಗಿ ತೋರಿಸುವ ವಿಧಾನ) ಮೊದಲ ಹಂತದ ಬೆಂಬಲ ಬಂದಿದೆ, ನಮ್ಮ ಅಂಗಡಿಯ ಮಾನಿಟರಿಗೆ ಅದರ ಗಂಧವೂ ಇಲ್ಲ. ಹಾಡು ಕೇಳಲು ಡೆಸಿಬೆಲ್ಸ್ ಎಂಬ ಪುಟ್ಟ ಆ್ಯಪ್ ಬಂದಿದೆ, ಒಂದು ಆಡಿಯೋ ಫೈಲ್ ತೆರೆದು ಕೇಳಿಸುವುದಷ್ಟೇ ಅದರ ಕೆಲಸ, ಅಲೆಯ ಚಿತ್ರ ತೋರಿಸುತ್ತದೆ. ಚೆನ್ನಾಗಿದೆ.

ಬ್ಯಾಟರಿಯದು ಹಾಗಲ್ಲ, ಅದರಲ್ಲಿ ಜಗಳವಿದೆ. ಅಂಗಡಿಯ ಲ್ಯಾಪ್‌ಟಾಪ್ ಎಂದರೆ ಬೆಳಗಿನಿಂದ ಸಂಜೆವರೆಗೆ ಚಾರ್ಜರಿಗೆ ಕಟ್ಟಿಹಾಕಿದ ಹಸು. ಸದಾ 100ರಲ್ಲಿ ತುಂಬಿಟ್ಟ ಲಿಥಿಯಂ ಬ್ಯಾಟರಿ ಬೇಗ ಸವೆಯುತ್ತದೆ. ಹಿಂದೊಮ್ಮೆ ನನ್ನ ಒಂದು ಲ್ಯಾಪ್‌ಟಾಪಿನ ಬ್ಯಾಟರಿ ಪೂರಿಯಂತೆ ಉಬ್ಬಿ ಟಚ್‌ಪ್ಯಾಡನ್ನು ಮೇಲಕ್ಕೆತ್ತಿತ್ತು. ಟಚ್‌ಪ್ಯಾಡ್ ಹಾಳಾಗಿದೆ ಎಂದು ರಿಪೇರಿಗೆ ಕೊಟ್ಟಾಗಲೇ ಗೊತ್ತಾದದ್ದು. ಗ್ನೋಮ್ 48ರ ಪವರ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿಯ ಆರೋಗ್ಯ ಕಾಪಾಡುವ ಆಯ್ಕೆ ಬಂದಿದೆ: ಅದನ್ನು ಆರಿಸಿದರೆ ಚಾರ್ಜ್ ಶೇ. 80ರ ಸುಮಾರಿಗೆ ನಿಲ್ಲುತ್ತದೆ. ಲ್ಯಾಪ್‌ಟಾಪಿನ ಫರ್ಮ್‌ವೇರ್ (ಯಂತ್ರದೊಳಗೇ ಕೂತಿರುವ ತಂತ್ರಾಂಶ) ಒಪ್ಪಿದರೆ ಮಾತ್ರ. ನನ್ನ ಎರಡರಲ್ಲಿ ಹೊಸದರಲ್ಲಿ ಆ ಆಯ್ಕೆ ಕಾಣುತ್ತದೆ, ಹಳೆಯದರಲ್ಲಿ ಕಾಣುವುದೇ ಇಲ್ಲ. ಕಾಣದಿದ್ದರೆ ಹುಡುಕಿ ಸುಸ್ತಾಗಬೇಡಿ.

ಜಗಳ ಏನೆಂದರೆ, ಏಪ್ರಿಲ್ ತಿಂಗಳಲ್ಲಿ ನಮ್ಮೂರಿನಲ್ಲಿ ಕರೆಂಟ್ ಹೋದರೆ ಆ ಉಳಿದ 20ರಲ್ಲಿ ಮೂರು ಅರ್ಜಿ ಆಗುತ್ತವೆ. ಬ್ಯಾಟರಿಯ ಆಯುಷ್ಯ ನೋಡಬೇಕೋ, ಸಾಲಿನಲ್ಲಿ ನಿಂತವರ ಮುಖ ನೋಡಬೇಕೋ? ಮಳೆಗಾಲದಲ್ಲಿ 80, ಬೇಸಿಗೆಯಲ್ಲಿ 100 ಎಂದು ನಾನು ಒಪ್ಪಂದಕ್ಕೆ ಬಂದಿದ್ದೇನೆ. ಅದನ್ನು ಬದಲಿಸುವುದು ಸೆಟ್ಟಿಂಗ್ಸ್‌ನಲ್ಲಿ ಒಂದು ಒತ್ತಿನ ಕೆಲಸ ಆಗಿರುವುದರಿಂದ ಈ ಒಪ್ಪಂದ ಸಾಧ್ಯವಾಗಿದೆ. ಟರ್ಮಿನಲ್‌ನಲ್ಲಿ ಆದೇಶ ಟೈಪಿಸಿ ಮಾಡಬೇಕಿದ್ದರೆ ನಾನು ಖಂಡಿತ ಮಾಡುತ್ತಿರಲಿಲ್ಲ.

ಈಗ ಅಂಗಡಿಯವರೆಲ್ಲ ನಕ್ಕ ಕಥೆ. 48ರಲ್ಲಿ ವೆಲ್‌ಬೀಯಿಂಗ್ ಎಂಬ ಹೊಸ ಪುಟ ಸೆಟ್ಟಿಂಗ್ಸ್‌ಗೆ ಸೇರಿದೆ. ದಿನಕ್ಕೆ ಎಷ್ಟು ಹೊತ್ತು ಪರದೆ ನೋಡಿದಿರಿ ಎಂಬ ಲೆಕ್ಕ, ಕಣ್ಣಿಗೆ ಬಿಡುವು ಕೊಡಿ, ಎದ್ದು ಓಡಾಡಿ ಎಂಬ ನೆನಪೋಲೆಗಳು, ದಿನದ ಮಿತಿ. ಮಿತಿ ಮುಟ್ಟಿದಾಗ ಪರದೆಯ ಬಣ್ಣ ಹೋಗಿ ಕಪ್ಪು ಬಿಳುಪಾಗಿಸುವ ಒಂದು ಆಯ್ಕೆಯೂ ಇದೆ. ಹುಡುಗ ಕುತೂಹಲಕ್ಕೆ ಎಂಟು ಗಂಟೆಯ ಮಿತಿ ಇಟ್ಟು, ಆ ಆಯ್ಕೆಯನ್ನೂ ಹಾಕಿ ಮರೆತಿದ್ದ. ಸಂಜೆ ಆರರ ಹೊತ್ತಿಗೆ ಒಂದು ಲಗ್ನಪತ್ರಿಕೆ ಮುಗಿಸುತ್ತಿದ್ದೆ, ಅಂಚಿಗೆ ಕುಂಕುಮದ ಬಣ್ಣ, ಗಣಪತಿಗೆ ಹಳದಿ. ಹುಡುಗಿಯ ತಂದೆ ಪಕ್ಕದಲ್ಲೇ ಕುಳಿತು ನೋಡುತ್ತಿದ್ದಾರೆ. ಇದ್ದಕ್ಕಿದ್ದಂತೆ ಪತ್ರಿಕೆಯ ಬಣ್ಣವೆಲ್ಲ ಹೋಗಿ ಬೂದಿಯಾಯಿತು. ಮದುವೆ ಪತ್ರಿಕೆ ಕಣ್ಣೆದುರೇ ಕಪ್ಪು ಬಿಳುಪಾದರೆ ಆ ಮನುಷ್ಯನಿಗೆ ಹೇಗಾಗಿರಬೇಡ! ನಾನು ಮಾನಿಟರ್ ಕೇಬಲ್ ಕಿತ್ತು ಮತ್ತೆ ಚುಚ್ಚಿದೆ. ಮೂಲೆಯಲ್ಲಿ ಬಂದಿದ್ದ ಸೂಚನೆಯನ್ನು ಹುಡುಗ ಓದುವವರೆಗೆ ನನಗೆ ಹೊಳೆಯಲೇ ಇಲ್ಲ.

ಸೌಲಭ್ಯ ಕೆಟ್ಟದ್ದು ಎನ್ನುತ್ತಿಲ್ಲ. ಆ ಲೆಕ್ಕ ನಮ್ಮ ಯಂತ್ರದಲ್ಲಿಯೇ ಇರುತ್ತದೆ, ಮಿತಿ ತಾನಾಗಿ ಬಂದು ಕೂರುವುದಿಲ್ಲ, ನಾವು ಹಾಕಿಕೊಂಡರಷ್ಟೇ. ಕಣ್ಣಿನ ನೆನಪೋಲೆಯನ್ನು ನಾನೇ ಹಾಕಿಕೊಂಡಿದ್ದೇನೆ, ಇಪ್ಪತ್ತು ನಿಮಿಷಕ್ಕೊಮ್ಮೆ ಬಾಗಿಲಾಚೆಯ ಹೊಂಗೆ ಮರ ನೋಡುತ್ತೇನೆ. ಬಣ್ಣ ತೆಗೆಯುವ ಆಯ್ಕೆ ಮಾತ್ರ ಮನೆಯ ಯಂತ್ರಕ್ಕೆ ಸರಿ, ಅಂಗಡಿಯದಕ್ಕೆ ಬೇಡ.

ಕಣ್ಣಿಗೆ ಕಾಣುವ ಬದಲಾವಣೆಗಳಲ್ಲಿ ದೊಡ್ಡದು ಅಕ್ಷರ. 2011ರ ಗ್ನೋಮ್ 3ರಿಂದ ಹದಿನಾಲ್ಕು ವರ್ಷ ಇದ್ದ ಕ್ಯಾಂಟರೆಲ್ ಫಾಂಟ್ ಹೋಗಿ, ಅದ್ವೈತ ಸಾನ್ಸ್ ಬಂದಿದೆ. ಕೋಡ್ ಬರೆಯುವವರಿಗೆ ಅದ್ವೈತ ಮೊನೊ. ಮೊದಲನೆಯದು ಇಂಟರ್ ಎಂಬ ಫಾಂಟಿನಿಂದ, ಎರಡನೆಯದು ಐಯೊಸೆವ್ಕಾದಿಂದ ಮಾಡಿದ್ದು. ಇಂಟರ್ ಪರದೆಗೆಂದೇ ಬರೆದ ಅಕ್ಷರ, ಇಂಗ್ಲಿಷಿನ ಸಣ್ಣಕ್ಷರಗಳು ತುಸು ಎತ್ತರವಾಗಿ ನಿಲ್ಲುತ್ತವೆ, ಓದಲು ಹಾಯಾಗಿದೆ. ಉಬುಂಟು ಬಳಸುವವರಿಗೆ ಇದು ಕಾಣದು, ಅವರಿಗೆ ಅವರದೇ ಫಾಂಟ್ ಇದೆ.

ಅದ್ವೈತ ಎಂಬುದು ಗ್ನೋಮ್‌ನ ಇಡೀ ರೂಪವಿನ್ಯಾಸದ ಹೆಸರು, ನಮ್ಮ ಸಂಸ್ಕೃತದ 'ಎರಡಲ್ಲದ್ದು' ಎಂಬ ಅದ್ವೈತವೇ. ಶೃಂಗೇರಿ ಇರುವ ನಾಡಿನವರಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದ್ವೈತ ಸಾನ್ಸ್‌ಗೆ ಕನ್ನಡ ಬಾರದು. ಅದರಲ್ಲಿರುವುದು ಲ್ಯಾಟಿನ್, ಗ್ರೀಕ್, ಸಿರಿಲಿಕ್ ಲಿಪಿಗಳು. ಬೆಂಗಳೂರು ಎಂಬ ಹೆಸರಿನ ಡೆಸ್ಕ್‌ಟಾಪಿನ ಅದ್ವೈತ ಎಂಬ ಅಕ್ಷರದಲ್ಲಿ ಕನ್ನಡಕ್ಕೆ ಜಾಗವಿಲ್ಲ, ಅಲ್ಲಿ ದ್ವೈತವೇ.

ದೂರಲು ಹೇಳುತ್ತಿಲ್ಲ, ಏನಾಗುತ್ತದೆ ಎಂದು ನೋಡೋಣ. ಪರದೆಯ ಮೇಲೆ ಕನ್ನಡ ಪದ ಬಂದಾಗ ಫಾಂಟ್‌ಕಾನ್ಫಿಗ್ ಎಂಬ ವ್ಯವಸ್ಥೆ ನಮ್ಮ ಯಂತ್ರದಲ್ಲಿರುವ ಬೇರೆ ಫಾಂಟನ್ನು, ಅಂದರೆ ನೋಟೊ ಸಾನ್ಸ್ ಕನ್ನಡವನ್ನೋ ಲೋಹಿತ್ ಕನ್ನಡವನ್ನೋ, ಎರವಲು ತರುತ್ತದೆ. ಒತ್ತಕ್ಷರಗಳನ್ನು ಜೋಡಿಸುವ ಕೆಲಸ ಹಾರ್ಫ್‌ಬಝ್‌ದು, ಅದು ಚೆನ್ನಾಗಿಯೇ ಮಾಡುತ್ತದೆ. ತೊಡಕಿರುವುದು ಎತ್ತರದಲ್ಲಿ. ಟೆಕ್ಸ್ಟ್ ಎಡಿಟರ್ ತೆರೆದು ಒಂದು ಸಾಲು ಇಂಗ್ಲಿಷ್, ಒಂದು ಸಾಲು 'ಸ್ತ್ರೀಶಕ್ತಿ ಸಂಘದ ಠರಾವು' ಎಂದು ಟೈಪಿಸಿ ನೋಡಿ. 'ಸ್ತ್ರೀ'ಯ ಕೆಳಗೆ ಎರಡು ಒತ್ತು ಇವೆ. ಕನ್ನಡ ಫಾಂಟ್ ತನ್ನ ಒತ್ತುಗಳಿಗೆ ಬೇಕಾದ ಜಾಗ ಕೇಳುತ್ತದೆ, ಸಾಲು ಎತ್ತರಕ್ಕೆ ಬೆಳೆಯುತ್ತದೆ. ಇಂಗ್ಲಿಷ್ ಸಾಲು ಗಿಡ್ಡ, ಕನ್ನಡ ಸಾಲು ಎತ್ತರ, ಪುಟ ನೋಡಿದರೆ ಅಳತೆ ತಪ್ಪಿದ ಮೆಟ್ಟಿಲು. ಎತ್ತರವಾದ ಇಂಟರ್ ಅಕ್ಷರದ ಪಕ್ಕದಲ್ಲಿ ಯಾವ ಕನ್ನಡ ಫಾಂಟ್ ಒಪ್ಪುತ್ತದೆ ಎಂದು ನಾವೇ ನೋಡಿ ಆರಿಸಿಕೊಳ್ಳಬೇಕು. ಡೆಬಿಯನ್‌ನಲ್ಲಿ ಗುಬ್ಬಿ, ನವಿಲು ಎಂಬ ಫಾಂಟ್‌ಗಳೂ ಸಿಗುತ್ತವೆ. ನಾನು ನೋಟೊಗೆ ನಿಂತೆ, ಇಂಟರ್‌ನ ಗೆರೆಯ ದಪ್ಪಕ್ಕೆ ಅದು ಹತ್ತಿರ ಎನಿಸಿತು.

ಅಕ್ಷರದಲ್ಲಿ ಕನ್ನಡಕ್ಕೆ ಜಾಗವಿಲ್ಲ ಎಂದೆ. ಕೀಬೋರ್ಡ್‌ನಲ್ಲಿ ಇದಕ್ಕೆ ತದ್ವಿರುದ್ಧ. ಸೆಟ್ಟಿಂಗ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡಕ್ಕೆ ಕಗಪ ವಿನ್ಯಾಸ ಇದೆ, ನುಡಿ ತಂತ್ರಾಂಶದಲ್ಲಿ ಟೈಪಿಸಿ ಕೈ ಪಳಗಿದವರಿಗೆ ಒತ್ತಿಗೆ ಎಫ್ ಕೀ ಎಂಬುದು ಅಲ್ಲೂ ಹಾಗೆಯೇ. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು. ಅದೇ ಪಟ್ಟಿಯಲ್ಲಿ ಕೆಳಗೆ ಹೋಗಿ ನೋಡಿ: ಹಿಂದಿ ಕಗಪ, ಮರಾಠಿ ಕಗಪ, ಸಂಸ್ಕೃತ ಕಗಪ, ತೆಲುಗು ಕಗಪ. ಜಗತ್ತಿನ ಲಿನಕ್ಸ್ ಯಂತ್ರಗಳಲ್ಲಿ ಹಿಂದಿ ಟೈಪಿಸುವವರು ಕೂಡ ಆ ಹೆಸರು ಒತ್ತಿ ಹೋಗಬಹುದು. ಇದು ಬಿಡುಗಡೆಗೆ ಸಂಬಂಧಿಸಿದ್ದಲ್ಲ, ಸುಮ್ಮನೆ ಹೇಳಬೇಕೆನಿಸಿತು.

ಕೊನೆಗೆ ಪ್ರಶ್ನೆಗಳು ಬಂದವು. ಹಿಂದಿನ ಸಾಲಿನಿಂದ ಒಬ್ಬರು, "ಮಿನಿಮೈಸ್ ಗುಂಡಿ ಈಗಲಾದರೂ ಬಂತೇ?" ಎಂದು ಕೇಳಿದರು. ಎಲ್ಲರೂ ನಕ್ಕರು. ಬಂದಿಲ್ಲ. 2011ರಲ್ಲಿ ತೆಗೆದದ್ದು, ಇನ್ನೂ ತಾನಾಗಿ ಬರುವುದಿಲ್ಲ, ಟ್ವೀಕ್ಸ್ ಎಂಬ ಆ್ಯಪ್ ಹಾಕಿಕೊಂಡು ತರಿಸಿಕೊಳ್ಳಬೇಕು. ನಾನು ಹೊಸ ಯಂತ್ರಕ್ಕೆ ಮೊದಲು ಮಾಡುವ ಕೆಲಸವೇ ಅದು. ವಿಂಡೋಗಳನ್ನು ಇನ್ನೊಂದು ಪರದೆಯಂತಿರುವ ಬೇರೆ ವರ್ಕ್‌ಸ್ಪೇಸ್‌ಗೆ ತಳ್ಳಿ ಎಂದು ಗ್ನೋಮ್‌ನವರು ಹೇಳುತ್ತಾರೆ. ಗಿರಾಕಿಯ ಆಧಾರ್ ಪ್ರತಿ ಪರದೆಯ ಮೇಲಿರುವಾಗ ಇನ್ನೊಬ್ಬರು ಬಂದು ಇಣುಕಿದರೆ ಕೈ ಹುಡುಕುವುದು ಆ ಅಡ್ಡಗೆರೆಯನ್ನು. ಈ ಒಂದು ವಿಷಯದಲ್ಲಿ ಅವರು ಹಟ ಮಾಡುತ್ತಿದ್ದಾರೆ ಎಂದೇ ನನ್ನ ಅಭಿಪ್ರಾಯ.

ಕನ್ನಡ ಅನುವಾದದ ಬಗ್ಗೆ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಬಿಡುಗಡೆಗಳ ಓಟಕ್ಕೆ ನಮ್ಮ ಅನುವಾದ ಸಮನಾಗಿ ಓಡಿಲ್ಲ ಎಂಬುದು ನಿಜ. ಗ್ನೋಮ್‌ನ ಅನುವಾದ ನಡೆಯುವ ತಾಣದ ಹೆಸರು ಡ್ಯಾಮ್ಡ್ ಲೈಸ್, ಅಂದರೆ ಹಸಿ ಸುಳ್ಳುಗಳು. ಅಂಕಿ ಅಂಶಗಳ ಬಗೆಗಿನ ಹಳೆಯ ಗಾದೆಯಿಂದ ಬಂದ ಹೆಸರು. ಕನ್ನಡದ ಪುಟ ತೆರೆದು, ವೆಲ್‌ಬೀಯಿಂಗ್‌ಗೆ ಒಳ್ಳೆಯ ಕನ್ನಡ ಪದ ಹುಡುಕುವುದರಿಂದ ಶುರು ಮಾಡು ಎಂದೆ. ಅವಳು ಅಲ್ಲೇ ಮೊಬೈಲಿನಲ್ಲಿ ಬರೆದುಕೊಂಡಳು.

ಇನ್ನೊಬ್ಬರದು ನಾನು ಕಾಯುತ್ತಿದ್ದ ಪ್ರಶ್ನೆ: "ಬೆಂಗಳೂರು ಎಂಬ ಹೆಸರು ಯಂತ್ರದಲ್ಲಿ ಎಲ್ಲಿ ಕಾಣುತ್ತದೆ?" ಎಲ್ಲಿಯೂ ಇಲ್ಲ. ಬಿಡುಗಡೆಯ ಟಿಪ್ಪಣಿಯಲ್ಲಿ ಮಾತ್ರ ಇದೆ. ಸೆಟ್ಟಿಂಗ್ಸ್‌ನಲ್ಲಿ ಯಂತ್ರದ ವಿವರಗಳ ಪುಟಕ್ಕೆ ಹೋದರೆ ಗ್ನೋಮ್ ಎಂದೂ 48 ಎಂದೂ ಇರುತ್ತದೆ, ಅಷ್ಟೇ. ಇದನ್ನು ಅಂಗಡಿಯಲ್ಲಿ ಹುಡುಗನಿಗೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಅದೇ ಪುಟದಲ್ಲಿ ಯಂತ್ರದ ಹೆಸರು ಬದಲಿಸುವ ಜಾಗ ಹುಡುಕಿ, ಅಲ್ಲಿದ್ದ ಹೆಸರನ್ನು ಅಳಿಸಿ, ಸೂಪರ್ ಮತ್ತು ಸ್ಪೇಸ್ ಒತ್ತಿ ಕನ್ನಡಕ್ಕೆ ಬಂದು 'ಬೆಂಗಳೂರು' ಎಂದು ಟೈಪಿಸಿದ. ಈಗ ಸುತ್ತಲಿನ ಅದ್ವೈತ ಅಕ್ಷರಗಳ ನಡುವೆ ಆ ಒಂದು ಪದ ಬೇರೆ ಫಾಂಟಿನಲ್ಲಿ, ಸಾಲಿಗಿಂತ ತುಸು ಎತ್ತರವಾಗಿ ಕುಳಿತಿದೆ.